ಹಿಡಿ ಬಿಟ್ಟು ಹೋದ ಅರ

ಮೂರನೇ ಕಚ್ಚಿನ ತಳದಲ್ಲಿ ಏನೋ ನೀಲಿಯಾಗಿ ಕಂಡಿತು.

ಅವಳು ಉಸಿರು ಬಿಗಿಹಿಡಿದು ಭೂತಗನ್ನಡಿಯನ್ನು ಇನ್ನೊಂದು ಬೆರಳಿನಷ್ಟು ಕೆಳಗಿಳಿಸಿದಳು. ಹಿತ್ತಾಳೆಯ ಕೀಲಿ. ಅದರ ಅಂಚಿನಲ್ಲಿ ಐದು ಕಚ್ಚು. ಐದಕ್ಕೂ ಯಾರೋ ಕಪ್ಪು ಎಣ್ಣೆ ಮೆತ್ತಿದ್ದರು. ಸೀಮೆಎಣ್ಣೆಯಲ್ಲಿ ಅದ್ದಿದ ನೂಲಿನಿಂದ ಅವಳು ಒರೆಸಿದ್ದು ಒಂದೇ ಒಂದು ಕಚ್ಚನ್ನು. ಅದೂ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಪೇದೆಯನ್ನು ಕಾಲು ಗಂಟೆ ಕಾಡಿ ಬೇಡಿದ ಮೇಲೆ.

“ಸಿಕ್ತೇನಮ್ಮಾ?” ಪೇದೆ ಕತ್ತು ಚಾಚಿದ.

“ಇನ್ನೂ ಇಲ್ಲ,” ಎಂದಳು.

ಸಿಕ್ಕಿತ್ತು. ಸಿಕ್ಕಬಾರದ್ದು ಸಿಕ್ಕಿತ್ತು.

ಮೊನ್ನೆ ತೂಕ-ಅಳತೆ ಕಚೇರಿಯ ತಿಜೋರಿಯಿಂದ ಉಕ್ಕಿನ ಮುದ್ರೆ ಮಾಯವಾಗಿತ್ತು. ಯಾವ ತೂಕದ ಕಲ್ಲಿನ ಮೇಲೆ ಅದರ ಗುರುತು ಬೀಳುತ್ತದೋ ಆ ಕಲ್ಲನ್ನು ಊರೆಲ್ಲ ಕಣ್ಣುಮುಚ್ಚಿ ನಂಬುವಂಥ ಮುದ್ರೆ. ಅಸಲಿ ಕೀಲಿ ಅಧಿಕಾರಿಯ ಸೊಂಟ ಬಿಟ್ಟು ಅಲುಗಿರಲಿಲ್ಲವಂತೆ. ತಿಜೋರಿಯ ಬೀಗದಲ್ಲಿ ಉಳಿದಿದ್ದದ್ದು ಈ ಕಳ್ಳಕೀಲಿ. ಮೂರು ತಿಂಗಳ ಹಿಂದೆ ಆ ಬೀಗವನ್ನು ಈ ಕೋಣೆಯಲ್ಲೇ ಬಿಚ್ಚಿ ಜೋಡಿಸಿದ್ದ ಅವಳ ಅಣ್ಣ ನಿನ್ನೆ ಬೆಳಗ್ಗೆಯಿಂದ ಠಾಣೆಯಲ್ಲಿದ್ದ. ಇವತ್ತು ನಾಲ್ಕಕ್ಕೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ. ಅಷ್ಟರೊಳಗೆ ಈ ಕೀಲಿಯನ್ನು ಉಜ್ಜಿದ ಅರ ಯಾವುದು, ಅದನ್ನು ಹಿಡಿದ ಕೈ ಯಾರದು ಎಂದು ತೋರಿಸಿದರೆ ಆಗ ಯೋಚನೆ ಮಾಡೋಣ ಎಂದು ಇನ್‌ಸ್ಪೆಕ್ಟರ್ ಕೀಲಿಯನ್ನೂ ಕೀಲಿಗೆ ಕಾವಲಾಗಿ ಪೇದೆಯನ್ನೂ ಕಳಿಸಿದ್ದರು.

ಗೋಡೆ ಗಡಿಯಾರದಲ್ಲಿ ಮೂರು ಹೊಡೆದು ಐದು ನಿಮಿಷವಾಗಿತ್ತು.

ಪೇದೆಗೆ ಇದೆಲ್ಲ ಮಕ್ಕಳಾಟ. ಬೀಗ ರಿಪೇರಿ ಮಾಡಿದವನು ಇವಳಣ್ಣ, ಈ ಬೀದಿಯಲ್ಲಿ ಕೀಲಿ ಮಾಡುವವನೂ ಅವನೊಬ್ಬನೇ, ಇನ್ನೇನು ಬಾಕಿ ಎಂದು ಅವನು ಬಂದಾಗಿನಿಂದ ಹೇಳುತ್ತಲೇ ಇದ್ದ. “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನೀವು ನೋಡಿದ್ರೆ ಭೂತಗನ್ನಡಿನೇ ಹಿಡ್ಕೊಂಡು ಕೂತಿದೀರ.”

ಬೀದಿಯವರು ಅವಳನ್ನು ಕರೆಯುವುದೂ ಭೂತಗನ್ನಡಿ ಎಂದೇ. ಮನೆಯಲ್ಲಿ ಆ ಹೆಸರು ಸವೆದು ಬರೀ ‘ಕನ್ನಡಿ’ಯಾಗಿತ್ತು.

ಒಂದೇ ಕೋಣೆ, ಎರಡು ಮೇಜು. ಕಿಟಕಿಯ ಕಡೆಯದು ಅಣ್ಣನದು, ಅಲ್ಲಿ ಕೀಲಿ. ಬಾಗಿಲ ಕಡೆಯದು ಅವಳದು, ಅಲ್ಲಿ ಅರ. ಬೆರಳುದ್ದದಿಂದ ಗೇಣುದ್ದದವರೆಗಿನ ಸಣ್ಣ ಅರಗಳು: ಚಪ್ಪಟೆ, ಗುಂಡು, ಅರೆಗುಂಡು, ಮೂರಂಚು, ಚಾಕುವಿನಂತೆ ಒಂದೇ ಕಡೆ ತೆಳುವಾದದ್ದು. ಮಾರುವುದು, ಯಾವ ಕೆಲಸಕ್ಕೆ ಯಾವುದು ಎಂದು ಆರಿಸಿಕೊಡುವುದು, ಮೊಂಡಾಗಿ ಬಂದದ್ದರ ಹಲ್ಲು ಬಿಡಿಸಿ ತಂತಿ ಬ್ರಷ್ಷಿನಿಂದ ಉಜ್ಜಿಕೊಡುವುದು ಅವಳ ಕೆಲಸ. ಕಾಲೇಜು ಮುಗಿಸಿದವಳು ಕಬ್ಬಿಣದ ಹಲ್ಲು ಉಜ್ಜುತ್ತಾಳೆ ಎಂದು ನಕ್ಕವರ ಅರಗಳೂ ಅವಳ ಹತ್ತಿರವೇ ಬರುತ್ತಿದ್ದವು.

ಅವಳು ಮತ್ತೆ ಬಗ್ಗಿ ನೋಡಿದಳು. ಅನುಮಾನವೇ ಇಲ್ಲ. ನೀಲಿ ಸೀಮೆಸುಣ್ಣ.

ಅರ ಹಿಡಿಯುವ ಮುಂಚೆ ಅದರ ಹಲ್ಲಿಗೆ ಸೀಮೆಸುಣ್ಣ ಉಜ್ಜಬೇಕು. ಆಗ ಲೋಹದ ಪುಡಿ ಹಲ್ಲಿನ ಸಂದಿಗೆ ಕಚ್ಚಿಕೊಳ್ಳುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಬಿಳಿಯದನ್ನೇ ಉಜ್ಜುತ್ತಾರೆ. ಆದರೆ ತೀರಿಹೋದ ಅಪ್ಪ ಈ ಕೋಣೆಗೆ ಒಂದು ಕಟ್ಟಳೆ ಮಾಡಿಟ್ಟಿದ್ದರು. ಕಬ್ಬಿಣಕ್ಕೆ ಬಿಳಿ, ಹಿತ್ತಾಳೆಗೆ ನೀಲಿ. ಅರದ ಮೈಬಣ್ಣ ನೋಡಿದರೆ ಸಾಕು, ಅದು ಯಾವ ಲೋಹದ್ದೆಂದು ತಿಳಿಯಬೇಕು, ಒಂದರದ್ದು ಇನ್ನೊಂದಕ್ಕೆ ತಾಗಬಾರದು. ಕಬ್ಬಿಣ ತಿಂದ ಅರ ಹಿತ್ತಾಳೆಯನ್ನು ಆಮೇಲೆ ಬಾಯಿಗೇ ಹಾಕುವುದಿಲ್ಲ ಎನ್ನುತ್ತಿದ್ದರು ಅಪ್ಪ.

ಊರಿನಲ್ಲಿ ಇನ್ನೆಲ್ಲೂ ಇಲ್ಲದ ನೀಲಿ. ಅಣ್ಣನನ್ನು ಬಿಡಿಸಲು ಹೊರಟವಳು ಅವನ ಕೈಗೆ ಇನ್ನೊಂದು ಜೊತೆ ಬೇಡಿ ಹುಡುಕಿ ಕೊಟ್ಟಿದ್ದಳು.

ಆದರೂ ಅವಳ ಕಣ್ಣು ಅಲ್ಲಿಂದ ಏಳಲಿಲ್ಲ. ಹೆದರಿದಷ್ಟೂ ಅವಳ ಕಣ್ಣು ಚುರುಕು, ಅದು ಹುಟ್ಟಿನಿಂದ ಬಂದ ಕಾಯಿಲೆ.

ಕಚ್ಚಿನ ಮೈಯಲ್ಲಿ ಒಂದು ಗೀರು ಇತ್ತು. ಅಂಚಿನಿಂದ ಕೂದಲೆಳೆಯಷ್ಟು ಒಳಗೆ, ನೇರವಾಗಿ, ಆಳವಾಗಿ. ಎರಡನೇ ಕಚ್ಚಿನಲ್ಲಿ ಎಣ್ಣೆಯ ಕೆಳಗೂ ಅದೇ ಗೀರು, ಅದೇ ಜಾಗದಲ್ಲಿ. ನಾಲ್ಕನೆಯದರಲ್ಲೂ. ಅಂದರೆ ಅರದ ಹಲ್ಲಿನ ಮಧ್ಯೆ ಗಟ್ಟಿ ಚೂರೊಂದು ಸಿಕ್ಕಿಕೊಂಡಿದೆ. ಇಷ್ಟು ಆಳವಾಗಿ ಕೊರೆಯಬೇಕಾದರೆ ಅದು ಕಬ್ಬಿಣದ ಚೂರೇ ಇರಬೇಕು. ಕಬ್ಬಿಣ ಉಜ್ಜಿದ ಅರವನ್ನೇ ಯಾರೋ ಹಿತ್ತಾಳೆಗೂ ಹಾಕಿದ್ದಾರೆ.

ಅಣ್ಣ ಊಟ ಬಿಟ್ಟಾನು, ನಿದ್ದೆ ಬಿಟ್ಟಾನು, ಹಾಗೆ ಮಾಡಲಾರ.

ಅವಳು ಕಚ್ಚಿನ ಎರಡೂ ತುದಿಯನ್ನು ಉಗುರಿನಿಂದ ಸವರಿದಳು. ಎರಡೂ ಕಡೆ ಮುಳ್ಳು ಮುಳ್ಳು. ಅರ ಕತ್ತರಿಸುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತಿ ತರಬೇಕು, ಎಳೆದರೆ ಹಲ್ಲು ಹೋಗುತ್ತದೆ. ಎಳೆದಿದ್ದಾರೆ, ಹೋಗುವಾಗಲೂ ಬರುವಾಗಲೂ ಎಳೆದಿದ್ದಾರೆ. ಹಿತ್ತಾಳೆಗೆ ನೀಲಿ ಎಂದು ಗೊತ್ತಿತ್ತು, ಅರ ಎತ್ತಬೇಕೆಂದು ಗೊತ್ತಿರಲಿಲ್ಲ.

ನೋಡಿ ಕಲಿತವರು. ಮಾಡಿ ಕಲಿತವರಲ್ಲ.

ಅವಳು ಎದ್ದು ಅಪ್ಪನ ಉಣ್ಣೆಬಟ್ಟೆಯ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದಳು. ಹನ್ನೆರಡು ಜೇಬು, ಒಂದೊಂದರಲ್ಲಿ ಒಂದೊಂದು ಅರ, ಒಂದರ ಹಲ್ಲು ಇನ್ನೊಂದಕ್ಕೆ ಉಜ್ಜದ ಹಾಗೆ. ಎಲ್ಲ ಜೇಬಿನಿಂದಲೂ ಮರದ ಹಿಡಿ ಹೊರಗೆ ಇಣುಕುತ್ತಿತ್ತು. ಹನ್ನೆರಡು ಹಿಡಿ. ನಿನ್ನೆಯೂ ಎಣಿಸಿದ್ದಳು, ಹನ್ನೆರಡೇ ಇತ್ತು.

ಇವತ್ತು ಒಂದೊಂದನ್ನೂ ಎತ್ತಿದಳು. ಒಂಬತ್ತನೆಯದು ಹಗುರವಾಗಿ ಬಂತು, ಗಾಳಿಯಷ್ಟು ಹಗುರ. ಕೈಯಲ್ಲಿ ಬರೀ ಹಿಡಿ. ಅರವೇ ಇರಲಿಲ್ಲ.

ಜೇಬು ತುಂಬಿದ ಹಾಗೆ ಕಾಣಲಿ ಎಂದು ಹಿಡಿಯನ್ನು ಬಿಟ್ಟು, ಚಾಕುಮೈಯ ಅರವನ್ನಷ್ಟೇ ಕಿತ್ತುಕೊಂಡು ಹೋಗಿದ್ದರು.

“ಬನ್ನಿ, ನೋಡಿ ಇಲ್ಲಿ,” ಎಂದು ಅವಳು ಪೇದೆಯನ್ನು ಕರೆದಳು. ಖುಷಿಗೆ ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಅರದ ಹಿಂತುದಿಗೆ ಬಾಲ ಎನ್ನುತ್ತಾರೆ, ಅದು ಮೊಳೆಯ ಹಾಗೆ ಚೂಪು, ಅದನ್ನು ಮುಚ್ಚುವುದಕ್ಕೇ ಹಿಡಿ ಹಾಕುವುದು. ಹಿಡಿ ಇಲ್ಲದೆ ಐದು ಕಚ್ಚು ಉಜ್ಜಿದವರ ಅಂಗೈ ನಡುಮಧ್ಯೆ ಬಾಲ ಹೊಕ್ಕಿರಲೇಬೇಕು, ಚೌಕಾಕಾರದ ಗಾಯ, ಎರಡು ದಿನಕ್ಕೆಲ್ಲ ಮಾಯುವಂಥದ್ದಲ್ಲ. ಅಂಥ ಅಂಗೈ ಸಿಕ್ಕರೆ ಕಳ್ಳ ಸಿಕ್ಕಂತೆ.

ಪೇದೆ ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡ. ಆಮೇಲೆ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಈ ಯಮ್ಮ ಸುಮ್ಮನಲ್ಲ ಎಂದುಕೊಂಡಿರಬೇಕು, ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡ.

ಒಳಬಾಗಿಲಿನಿಂದ ಅತ್ತಿಗೆ ಚಹಾ ತಂದರು. ಕಾದ ಸ್ಟೀಲು ಲೋಟವನ್ನು ಮಸಿಬಟ್ಟೆಯಲ್ಲಿ ಸುತ್ತಿ ಬಲಗೈಯಲ್ಲಿ ಹಿಡಿದಿದ್ದರು. ಗಂಡ ಠಾಣೆಗೆ ಹೋದಾಗಿನಿಂದ ಆ ಬಟ್ಟೆ ಅವರ ಮುಷ್ಟಿ ಬಿಟ್ಟಿರಲಿಲ್ಲ. ಒಲೆಯ ಮುಂದೆಯೂ ಅದೇ, ಬಾಗಿಲಲ್ಲಿ ಬೀದಿ ನೋಡುತ್ತ ನಿಂತಾಗಲೂ ಅದೇ. ಚಿಂತೆಗೆ ಏನಾದರೂ ಹಿಂಡಲು ಬೇಕಲ್ಲ.

“ಬೆಳಗ್ಗೆಯಿಂದ ಒಂದು ತುತ್ತೂ ತಿಂದಿಲ್ಲ ಕನ್ನಡಿ ನೀನು,” ಎಂದರು ಅತ್ತಿಗೆ. “ಏನಾದ್ರೂ ಗೊತ್ತಾಯ್ತಾ?”

“ಅಣ್ಣ ಅಲ್ಲ ಅತ್ತಿಗೆ. ಸಂಜೆಗೆ ಮನೆಗೆ ಬರ್ತಾನೆ, ನೋಡ್ತಾ ಇರಿ.”

ಅತ್ತಿಗೆಯ ಕಣ್ಣು ತುಂಬಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೀದಿಯಿಂದ ಚಪ್ಪಲಿಯ ಸದ್ದು ಕೇಳಿ, ಹೇಳದೆ ಒಳಗೆ ಸರಿದರು.

ಬಂದವನು ಅತ್ತಿಗೆಯ ತಮ್ಮ. ಹೋದ ವರ್ಷ ಅದೇ ತೂಕ-ಅಳತೆ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು. ವಾರಕ್ಕೆ ನಾಲ್ಕು ಸಂಜೆ ಭಾವನ ಮೇಜಿನ ಪಕ್ಕ ಕಾಲು ಮೇಲೆ ಕಾಲು ಹಾಕಿ ಕೂತು ಹರಟೆ ಹೊಡೆಯುತ್ತಿದ್ದವನು. ಈ ಕೆಲಸದ ತಲೆಬುಡ ತನಗೆ ತಿಳಿಯದು ಎಂದು ಹೇಳಿಕೊಳ್ಳುವುದೇ ಅವನಿಗೊಂದು ಹೆಮ್ಮೆ.

“ಏನು ಭೂತಗನ್ನಡಿಯವರೇ, ಭೂತ ಸಿಕ್ತಾ?” ನಗು ಬಾಯಲ್ಲಿತ್ತು, ಕಣ್ಣು ಮೇಜಿನ ಮೇಲೆ ಬಿಚ್ಚಿದ್ದ ಸುರುಳಿಯ ಮೇಲಿತ್ತು.

“ಕನ್ನಡಿ ಕಂಡಿದೆ ಗುಮಾಸ್ತರೇ. ಭೂತ ತಾನಾಗೇ ಬರುತ್ತೆ.”

ಅಕ್ಕನನ್ನು ನೋಡಲು ಬಂದೆ ಎಂದ. ಒಳಗೆ ಮಾತ್ರ ಹೋಗಲಿಲ್ಲ. ಕಚೇರಿಯ ಕಪಾಟಿನ ಚಿಲಕ ಉಜ್ಜಲು ಒಂದು ಸಣ್ಣ ಅರ ಬೇಕಿತ್ತು, ಯಾವುದಾದರೂ ನಡೆಯುತ್ತೆ, ತನಗೇನು ಗೊತ್ತು ಎಂದ. ಹಾಗೆನ್ನುತ್ತ ಸುರುಳಿಯ ಕಡೆಗೆ ಒಂದು ಹೆಜ್ಜೆ ಬಂದ. ಪೇದೆಯನ್ನು ಕಂಡು ಅಲ್ಲೇ ನಿಂತ.

ಅವಳು ತನ್ನ ಚಹಾ ಲೋಟವನ್ನು ಅವನಿಗೆ ಚಾಚಿ, ಅವನು ಎರಡೂ ಕೈಯಲ್ಲಿ ತೆಗೆದುಕೊಳ್ಳುವಾಗ ಅಂಗೈ ನೋಡಿದಳು. ಎರಡೂ ನುಣುಪು. ಶಾಯಿಯ ಕಲೆ ಬಿಟ್ಟರೆ ಏನೂ ಇಲ್ಲ. ಅವಳ ಖುಷಿ ಸೂಜಿ ಚುಚ್ಚಿದ ಬಲೂನಿನಂತಾಯಿತು.

ಆದರೂ ತಟ್ಟೆಯಲ್ಲಿ ಆರು ಅರಗಳನ್ನು ಹಾಕಿ ಮುಂದಿಟ್ಟಳು. ಒಳ್ಳೆಯದು ಎರಡೇ, ಉಳಿದ ನಾಲ್ಕು ಹಲ್ಲು ಸವೆದದ್ದು.

ಏನೂ ತಿಳಿಯದವರು ಮೊದಲು ಮಾಡುವುದು ಒಂದೇ: ಹಲ್ಲಿನ ಮೇಲೆ ಬೆರಳಾಡಿಸಿ ಚುಚ್ಚುತ್ತದೆಯೇ ಎಂದು ನೋಡುವುದು. ಬೆರಳಿನ ಬೆವರೇ ಅರಕ್ಕೆ ತುಕ್ಕು. ಅವನು ಬೆರಳಾಡಿಸಲಿಲ್ಲ. ಎರಡು ಬೆರಳಿನಿಂದ ಬಾಲ ಹಿಡಿದು ಕಿಟಕಿಯ ಬೆಳಕಿಗೆ ಅಡ್ಡ ಮಾಡಿದ. ಹಲ್ಲಿನ ತುದಿಯಲ್ಲಿ ಬಿಳಿ ಮಿಂಚಿದ್ದನ್ನು, ಅಂದರೆ ಸವೆದದ್ದನ್ನು, ಪಕ್ಕಕ್ಕಿಟ್ಟ. ಒಂದನ್ನು ಮೇಜಿಗೆ ಮೆಲ್ಲಗೆ ತಟ್ಟಿ ನಾದ ಕೇಳಿದ. ಬಿರುಕಿದ್ದರೆ ನಾದ ಸತ್ತಿರುತ್ತದೆ. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಒಳ್ಳೆಯ ಎರಡೇ.

ಬಲೂನಿಗೆ ಮತ್ತೆ ಗಾಳಿ ತುಂಬಿತು.

ಮೂರೂವರೆ. ಅವಳು ಹಿತ್ತಾಳೆಯ ಪಟ್ಟಿಯೊಂದನ್ನು ವೈಸಿನ ಉಕ್ಕಿನ ದವಡೆಗಳ ನಡುವೆ ಬಿಗಿದಳು. ಪಟ್ಟಿಯ ಪಕ್ಕ, ಅವನ ಕೈಗೆ ಒಂದೇ ದೂರದಲ್ಲಿ, ಎರಡು ತುಂಡು ಸೀಮೆಸುಣ್ಣ ಇಟ್ಟಳು. ಎಡಕ್ಕೆ ನೀಲಿ, ಬಲಕ್ಕೆ ಬಿಳಿ. ಕೊಳ್ಳುವ ಮುಂಚೆ ಉಜ್ಜಿ ನೋಡುವುದು ಅಂಗಡಿಯ ರೂಢಿ ಎಂದಳು. ನಿಜಕ್ಕೂ ಅಂಥ ರೂಢಿ ಇರಲಿಲ್ಲ.

ಗುಮಾಸ್ತ ಪೇದೆಯ ಕಡೆ ನೋಡಿ ನಕ್ಕ. ತನ್ನನ್ನು ಭಾವನಿಗೆ ಹೋಲಿಸಿಕೊಂಡು ಏನೋ ತಮಾಷೆ ಮಾಡಿದ. ಮಾತು ಬಾಯಲ್ಲಿರುವಾಗಲೇ ಅವನ ಕೈ ಬಲಗಡೆಯ ಬಿಳಿಯನ್ನು ದಾಟಿ ಎಡಕ್ಕೆ ಹೋಯಿತು, ನೀಲಿಯನ್ನೆತ್ತಿ ಅರಕ್ಕೆ ಉಜ್ಜಿತು. ಪಟ್ಟಿಯ ಮೇಲೆ ತಳ್ಳಿದ, ಎಳೆದ. ತಳ್ಳಿದ, ಎಳೆದ. ಒಮ್ಮೆಯೂ ಎತ್ತಲಿಲ್ಲ.

“ನೀಲಿ ಯಾಕೆ?” ಎಂದಳು.

ಅರ ನಿಂತಿತು.

“ಬಿಳಿನೂ ಪಕ್ಕದಲ್ಲೇ ಇತ್ತಲ್ಲ. ಊರಲ್ಲೆಲ್ಲ ಉಜ್ಜೋದು ಬಿಳಿನೇ. ಹಿತ್ತಾಳೆಗೆ ನೀಲಿ ಅಂತ ನಿಮಗೆ ಹೇಳಿದ್ದು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ನೀಲಿ ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. “ನೋಡಿ ನೋಡಿ ಗೊತ್ತು. ಭಾವ ದಿನಾ ಮಾಡ್ತಾರಲ್ಲ. ಅದರಲ್ಲೇನಿದೆ?”

“ಈ ಕಳ್ಳಕೀಲಿ ಒಳಗೂ ನೀಲಿ ಇದೆ. ಅದನ್ನೂ ಹೀಗೇ ಹಿಂದೆ ಮುಂದೆ ಎಳೆದಿದ್ದಾರೆ. ಈಗ ನೀವು ಎಳೆದ್ರಲ್ಲ, ಹಾಗೆ.”

ಪೇದೆ ಎದ್ದು ಬೀದಿಬಾಗಿಲಿಗೆ ಅಡ್ಡ ನಿಂತ. ಗುಮಾಸ್ತನ ಮುಖ ಸುಣ್ಣದ ಗೋಡೆಯಾಯಿತು. ಆದರೂ ಅವನು ನೋಡಿದ್ದು ಬೀದಿಬಾಗಿಲನ್ನಲ್ಲ, ಒಳಬಾಗಿಲನ್ನು.

“ನಾನು ಕೀಲಿ ಮಾಡಿಲ್ಲ,” ಎಂದ ಮೆಲ್ಲಗೆ. “ನನ್ನ ಕೈ ನೋಡಿದ್ರಲ್ಲ, ಆಗ ಲೋಟ ಕೊಡೋ ನೆಪದಲ್ಲಿ. ನಾನೂ ನಿಮ್ಮನ್ನ ನೋಡ್ತಾನೇ ಇದ್ದೆ.”

“ಮತ್ತೆ ಬಂದದ್ದು ಯಾಕೆ?”

ಅವನು ಒಳಜೇಬಿಗೆ ಕೈ ಹಾಕಿ ಕರವಸ್ತ್ರದ ಸಣ್ಣ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. “ಇದನ್ನ ಇದರ ಜಾಗಕ್ಕೆ ಇಟ್ಟು ಹೋಗೋಣ ಅಂತ.”

ಗಂಟಿನೊಳಗೆ ಒಂಬತ್ತನೇ ಜೇಬಿನ ಅರವಿತ್ತು. ಚಾಕುಮೈ, ಹಿಡಿ ಇಲ್ಲ, ಬರಿಯ ಬಾಲ. ಬಾಲದ ಚೂಪಿನಲ್ಲಿ ಒಣಗಿದ ಕಂದುಬಣ್ಣ.

ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಅವಳು ಕೇಳಿದಳು. ಪೇದೆಯೂ ಗದರಿಸಿ ಕೇಳಿದ. ಗುಮಾಸ್ತ ತಲೆಯಾಡಿಸುತ್ತ ಮೂಲೆಗೆ ಸರಿದ.

ಕಾಯಲು ಹೊತ್ತಿರಲಿಲ್ಲ. ಅವಳು ಅರವನ್ನು ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದಳು. ನೀಲಿ ಹಲ್ಲುಗಳ ಸಾಲಿನಲ್ಲಿ, ಅಂಚಿನಿಂದ ಕೂದಲೆಳೆಯಷ್ಟು ಒಳಗೆ, ಒಂದು ಚುಕ್ಕಿ ಫಳಕ್ಕನೆ ಹೊಳೆಯಿತು. ಕಬ್ಬಿಣದ ಚೂರು. ಹಿತ್ತಾಳೆಯ ಪಟ್ಟಿಯ ಮೇಲೆ ಒಂದೇ ಸಲ ತಳ್ಳಿ ಎತ್ತಿದಳು. ಗೀರು ಬಿತ್ತು. ಭೂತಗನ್ನಡಿಯ ಕೆಳಗೆ ಪಟ್ಟಿಯನ್ನೂ ಕೀಲಿಯನ್ನೂ ಜೋಡಿಸಿ ಇಟ್ಟಳು. ಒಂದೇ ದೂರ, ಒಂದೇ ಆಳ. ಅವಳಿ ಮಕ್ಕಳ ಹಾಗೆ.

ಪೇದೆಯೂ ಒಂದು ಕಣ್ಣು ಮುಚ್ಚಿ ನೋಡಿದ. ತಾನೇ ಕಂಡುಹಿಡಿದವನಂತೆ ತೊಡೆ ತಟ್ಟಿಕೊಂಡ.

ಹೊರಗೆ ಜೀಪು ನಿಂತ ಸದ್ದು ಕೇಳಿಸಿತು. ಗಡಿಯಾರ ನಾಲ್ಕು ಹೊಡೆಯಲು ಇನ್ನೂ ಐದು ನಿಮಿಷವಿತ್ತು.

ಕೋರ್ಟಿಗೆ ಹೋಗುವ ದಾರಿಯಲ್ಲಿ ಇನ್‌ಸ್ಪೆಕ್ಟರ್ ಅಣ್ಣನನ್ನೂ ಕರೆದುಕೊಂಡೇ ಬಂದಿದ್ದರು. ಒಂದು ದಿನದಲ್ಲಿ ಅಣ್ಣನ ಕೆನ್ನೆ ಒಳಗೆ ಹೋಗಿತ್ತು. ಹೊಸ್ತಿಲು ದಾಟಿ ಅವನು ತಂಗಿಯನ್ನು ನೋಡಿದ, ಮೂಲೆಯಲ್ಲಿ ನಿಂತ ಭಾವಮೈದುನನನ್ನು ನೋಡಿದ, ಆಮೇಲೆ ಮೇಜಿನ ಮೇಲೆ ಹಿಡಿಯಿಲ್ಲದೆ ಬಿದ್ದಿದ್ದ ಅರವನ್ನು ನೋಡಿದ. ಅವಳು ಬಾಯಿ ತೆರೆಯುವ ಮೊದಲೇ ಅವನೇ ಮಾತಾಡಿದ.

“ಅವನನ್ನ ಬಿಟ್ಬಿಡಿ ಸಾಹೇಬ್ರೆ. ಕೀಲಿ ಮಾಡಿದ್ದು ನಾನೇ.”

ಸುಳ್ಳು, ಹಸಿ ಸುಳ್ಳು. ಅರವನ್ನು ಹಾಗೆ ಹಿಂಸೆ ಮಾಡುವ ಕೈ ಅದಲ್ಲ. ಅವಳು ನೀಲಿ, ಗೀರು, ಮುಳ್ಳು ಎಂದು ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಇನ್‌ಸ್ಪೆಕ್ಟರ್ ಕೈಯೆತ್ತಿ ತಡೆದರು. ತಪ್ಪೊಪ್ಪಿಕೊಂಡ ಮೇಲೆ ಭೂತಗನ್ನಡಿಗೆ ಏನು ಕೆಲಸ ಎಂದರು.

ಆಗ ಪೇದೆ ಗಂಟಲು ಸರಿಪಡಿಸಿಕೊಂಡ. “ಒಂದು ನಿಮಿಷ ಸಾರ್. ಹಿಡಿ ಇಲ್ದೆ ಉಜ್ಜಿದೋರ ಅಂಗೈ ತೂತಾಗಿರುತ್ತೆ ಅಂತ ಈ ಯಮ್ಮನೇ ಹೇಳಿದ್ದು. ಬಾಲದ ಮೇಲೆ ರಕ್ತ ಇದೆ, ನೋಡಿ. ಕೈ ನೋಡಿದ್ರೆ ಆಯ್ತಲ್ಲ.”

ಅಣ್ಣ ಎರಡೂ ಮುಷ್ಟಿ ಬಿಗಿದ.

ಇನ್‌ಸ್ಪೆಕ್ಟರ್ ಅವನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಎಡಗೈ. ಇಪ್ಪತ್ತು ವರ್ಷದ ಕೆಲಸಕ್ಕೆ ಕಾಯಿ ಕಟ್ಟಿದ ಅಂಗೈಗಳು. ಒಂದು ಗೀರೂ ಇರಲಿಲ್ಲ.

“ಇದು ಕೀಲಿ ಮಾಡಿದ ಕೈ ಅಲ್ಲ,” ಎಂದರು ಇನ್‌ಸ್ಪೆಕ್ಟರ್ ನಿಧಾನವಾಗಿ. “ಯಾರನ್ನ ಉಳಿಸ್ತಾ ಇದೀಯಪ್ಪಾ?”

ಗೆದ್ದೆ ಎಂದುಕೊಂಡಳು ಅವಳು. ಅಣ್ಣ ಇವತ್ತು ಕೋರ್ಟಿಗೆ ಹೋಗುವುದಿಲ್ಲ. ಖುಷಿಗೆ ಅವನ ತೋಳು ಹಿಡಿಯಲು ಹೋದಳು. ಆಗ ಅವನ ಮುಖ ಕಂಡಿತು.

ಅದರಲ್ಲಿ ಬಿಡುಗಡೆ ಇರಲಿಲ್ಲ. ಅಷ್ಟು ಹೆದರಿದ ಅಣ್ಣನನ್ನು ಅವಳು ಎಂದೂ ಕಂಡಿರಲಿಲ್ಲ. ಅವನು ನೋಡುತ್ತಿದ್ದದ್ದು ಅವಳನ್ನಲ್ಲ. ಗುಮಾಸ್ತನೂ ಅವಳನ್ನು ನೋಡುತ್ತಿರಲಿಲ್ಲ. ಇಬ್ಬರ ಕಣ್ಣೂ ಅವಳ ಬೆನ್ನ ಹಿಂದೆ, ಒಳಬಾಗಿಲಿನ ಮೇಲೆ ನೆಟ್ಟಿತ್ತು.

ದಿನಾ ಸಂಜೆ ಅಣ್ಣ ಅರ ಹಿಡಿದಾಗ ಆ ಬಾಗಿಲಲ್ಲಿ ಕೂತು ನೋಡುತ್ತಿದ್ದವರು ಯಾರು? ಹನ್ನೆರಡು ವರ್ಷದಿಂದ, ಒಮ್ಮೆಯೂ ಅರ ಮುಟ್ಟದೆ, ಬರೀ ನೋಡುತ್ತ?

ಅವಳು ತಿರುಗಿದಳು.

ಅತ್ತಿಗೆ ಹೊಸ್ತಿಲ ಮೇಲೆ ನಿಂತಿದ್ದರು. ಎರಡು ದಿನದಿಂದ ಮುಷ್ಟಿಯಲ್ಲಿದ್ದ ಮಸಿಬಟ್ಟೆಯನ್ನು ಎಡಗೈಯಿಂದ ಸುರುಳಿ ಬಿಡಿಸಿ, ಮಡಿಸಿ, ಬಾಗಿಲ ಚಿಲಕಕ್ಕೆ ತೂಗುಹಾಕಿದರು, ಅಡುಗೆಮನೆಯ ಕೆಲಸ ಮುಗಿಯಿತೆಂಬಂತೆ. ಆಮೇಲೆ ಬಲಗೈಯನ್ನು ಇನ್‌ಸ್ಪೆಕ್ಟರ್ ಮುಂದೆ ಚಾಚಿ ಬೆರಳು ಬಿಡಿಸಿದರು. ಅಂಗೈಯ ನಡುಮಧ್ಯೆ, ಸಣ್ಣದಾಗಿ, ಚೌಕಾಕಾರದಲ್ಲಿ, ಗಾಯವಿತ್ತು. ಅದಕ್ಕೆ ಯಾವ ಕನ್ನಡಿಯೂ ಬೇಕಿರಲಿಲ್ಲ.

“ಕೀಲಿ ಮಾಡಿದ್ದು ನಾನು,” ಎಂದರು. ದನಿ ಸ್ವಲ್ಪವೂ ನಡುಗಲಿಲ್ಲ. “ತಿಜೋರಿ ತೆಗೆದದ್ದೂ ನಾನೇ. ಆದ್ರೆ ಸಾಹೇಬ್ರೆ, ನಾನು ಅದರ ಬಾಗಿಲು ತೆಗೆದಾಗ ಒಳಗೆ ಮುದ್ರೆ ಇರಲಿಲ್ಲ.”